ಸಾಲಿನ ಮೊದಲ ಹೆಸರು

ತೊಂಬತ್ತರ ದಶಕದ ನಡುವಿನ ಮಾತು. ಚಿಕ್ಕೋಡಿಯ ಹೊರಗೆ ಒಂದು ಸಣ್ಣ ಕಾಲೇಜಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಹೊಸದಾಗಿ ಶುರುವಾಗಿತ್ತು. ನನ್ನನ್ನು ಉಪನ್ಯಾಸಕಿಯಾಗಿ ತೆಗೆದುಕೊಂಡಿದ್ದರು. ಎರಡು ವರ್ಷ ಕೆಲಸ ನೋಡಿ ಕಾಯಂ ಮಾಡುತ್ತೇವೆ ಎಂದು ಆದೇಶದಲ್ಲಿ ಬರೆದಿತ್ತು. ನಾನು ರಾಯಬಾಗದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗಂಡ ರಾಯಬಾಗದಲ್ಲೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅತ್ತೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಆದರೆ ಸೊಸೆ ಬರುವ ಮೊದಲು ತಾವು ತಟ್ಟೆಯ ಮುಂದೆ ಕೂಡುತ್ತಿರಲಿಲ್ಲ. ಮಗನನ್ನೂ ಕೂಡಿಸುತ್ತಿರಲಿಲ್ಲ. ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ, ಬಸ್ಸು ಅವುಗಳ ಹಿಂದೆ ತೆವಳುತ್ತದೆ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ನನ್ನಿಂದಾಗಿ ಮನೆಯಲ್ಲಿ ಮೂವರೂ ಉಪವಾಸ. ಹಾಗಾಗಿ ಮೂರೂವರೆಯಾದರೆ ಸಾಕು, ಕೈಯಲ್ಲಿ ಯಾವ ಕೆಲಸವಿದ್ದರೂ ನನ್ನ ಮನಸ್ಸು ಬಸ್ ಸ್ಟ್ಯಾಂಡಿನಲ್ಲಿರುತ್ತಿತ್ತು.

ಲ್ಯಾಬಿನಲ್ಲಿ ಇನ್ನೊಬ್ಬರಿದ್ದರು. ಅಥಣಿ ಕಡೆಯ ತೋಟದ ಮನೆಯವರು, ನನಗಿಂತ ಮೂರು ನಾಲ್ಕು ವರ್ಷ ಚಿಕ್ಕವರು, ಇನ್ನೂ ಮದುವೆಯಾಗಿರಲಿಲ್ಲ. ಕಾಲೇಜು ಅವರನ್ನು ತಾಸಿನ ಲೆಕ್ಕದ ಮೇಲೆ ಕರೆಸುತ್ತಿತ್ತು. ಚಿಕ್ಕೋಡಿಯಲ್ಲೇ ಒಂದು ಕೋಣೆ ಮಾಡಿಕೊಂಡಿದ್ದರು. ತೆಳ್ಳಗಿನ ಆಳು, ಮಾತು ಕಡಿಮೆ. ಕೆಲಸ ಮಾತ್ರ ನಮ್ಮೆಲ್ಲರಿಗಿಂತ ಹೆಚ್ಚು ಬಲ್ಲವರು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು, ಅವು ಮಾತಾಡಿಕೊಳ್ಳುವಂತೆ ಪ್ರೋಗ್ರಾಂ ಬರೆಯುವುದು, ಇವನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಕೈಯಿಂದ ಮಾಡಿದ್ದು ಅವರು. ಲ್ಯಾಬಿನ ಗೋಡೆಗುಂಟ ಕರಿಯ ಕೇಬಲ್ ಎಳೆದಿದ್ದೂ ಅವರೇ. ಆ ಕೇಬಲ್ಲಿನ ಒಂದು ಜೋಡಣೆ ಸಡಿಲಾದರೂ ಇಡೀ ಸಾಲು ಸತ್ತುಹೋಗುತ್ತಿತ್ತು. ಒಮ್ಮೆ ಜೋಡಣೆಯ ತುಂಡುಗಳು ಮುಗಿದಾಗ ಕಾಲೇಜಿನವರು ತರಿಸುವವರೆಗೆ ಕಾಯದೆ, ರಜೆಯ ದಿನ ನಿಪ್ಪಾಣಿಗೆ ಹೋಗಿ, ಅಲ್ಲಿ ಸಿಗದೆ ಕೊಲ್ಹಾಪುರದವರೆಗೂ ಹೋಗಿ ತಂದಿದ್ದರು.

ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ಎಂಟು ಕಂಪ್ಯೂಟರುಗಳಿದ್ದವು, ಅವನ್ನೆಲ್ಲ ನಡೆಸುವ ಒಂದು ಸರ್ವರ್. ಸರ್ವರಿಗೆ ಅವರು ಕೃಷ್ಣಾ ಎಂದು ಹೆಸರಿಟ್ಟಿದ್ದರು. ಉಳಿದವಕ್ಕೆ ಆ ನದಿಗೆ ನೀರು ತರುವ ಹೊಳೆಗಳ ಹೆಸರು: ವೇದಗಂಗಾ, ದೂಧಗಂಗಾ, ಪಂಚಗಂಗಾ, ಹಿರಣ್ಯಕೇಶಿ, ಘಟಪ್ರಭಾ, ಅಗ್ರಣಿ, ವಾರಣಾ, ಕೊಯ್ನಾ. ವಿದ್ಯಾರ್ಥಿಗಳು ಆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೂರನೇದು, ಏಳನೇದು ಎನ್ನುತ್ತಿದ್ದರು. ಹೀಗಾಗಿ ಅಥಣಿಯವರು ಸರ್ವರಿನಲ್ಲಿದ್ದ ಹೆಸರುಗಳ ಫೈಲಿನಲ್ಲಿ ಪ್ರತಿ ಕಂಪ್ಯೂಟರಿಗೂ ಎರಡು ಹೆಸರು ಬರೆದಿದ್ದರು. ಒಂದು ಕಂಪ್ಯೂಟರಿಗೆ ಒಂದು ಸಾಲು. ಮೊದಲು ಅದರ ನಂಬರು, ಆಮೇಲೆ ಹೊಳೆಯ ಹೆಸರು, ಕೊನೆಗೆ ಪಿಸಿ ಒಂದು, ಪಿಸಿ ಎರಡು ಎಂಬಂಥ ಹೆಸರು.

ಒಂದು ಮಳೆಗಾಲದ ಮಧ್ಯಾಹ್ನ ಅದನ್ನು ನನಗೆ ತಿಳಿಸಿ ಹೇಳಿದ್ದು ಚೆನ್ನಾಗಿ ನೆನಪಿದೆ. ಕ್ಲಾಸು ಇರಲಿಲ್ಲ. ಇಬ್ಬರೂ ಸರ್ವರಿನ ಮುಂದೆ ಕೂತಿದ್ದೆವು.

"ನೋಡ್ರಿ ಮೇಡಂ, ಹುಡುಗ್ರು ಏಳನೇದು ಅಂತಾರ, ನಾ ವಾರಣಾ ಅಂತೀನಿ, ಮತ್ತೊಬ್ರು ಬರೇ ನಂಬರ್ ಹೊಡಿತಾರ. ಹೆಂಗ ಕರದ್ರೂ ಕಡೀಕ ಒಂದ ಹೆಸರು ಬರಬೇಕು. ಪ್ರೋಗ್ರಾಂದಾಗ ನಾ ಕೇಳೂದು ಆ ಒಂದನ್ನ."

"ಆ ಒಂದು ಯಾವ್ದು ಅಂತ ಅದಕ್ಕ ಹೆಂಗ ಗೊತ್ತಾಗ್ತೈತ್ರಿ?" ಎಂದೆ.

"ಸಾಲಿನ್ಯಾಗ ನಂಬರ್ ಆದಮ್ಯಾಲ ಮೊದಲ ಯಾವ ಹೆಸರು ಐತಿ, ಅದು. ಅಧಿಕೃತ ಹೆಸರು ಅಂದ್ರ ಅದು. ಉಳದದ್ದೆಲ್ಲಾ ಅಡ್ಡಹೆಸರು."

ನನಗೆ ನಗು ಬಂತು. "ಅಡ್ಡಹೆಸರು ಅಂದ್ರ ನಮ್ಮ ಕಡೆ ಮನಿತನದ ಹೆಸರಲ್ರಿ ಸರ್."

ಅವರೂ ನಕ್ಕರು. "ಹಂಗಾರ ಕರಿಯೂ ಹೆಸರು ಅನ್ನೂಣ್ರಿ."

ಎಂದಮೇಲೆ ನನಗೆ ಗೊತ್ತಿತ್ತು. ಸಾಲಿನಲ್ಲಿ ಮೊದಲು ಬರುವುದೇ ನಿಜವಾದ ಹೆಸರು ಎಂದು ಅವರ ಬಾಯಿಂದಲೇ ಕೇಳಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆಂದು ಅವರೊಂದು ಪ್ರೋಗ್ರಾಂ ಬರೆದರು. ಆ ಎಂಟು ಕಂಪ್ಯೂಟರುಗಳಿಗೆ ಸ್ವಂತ ಹಾರ್ಡ್ ಡಿಸ್ಕ್ ಇರಲಿಲ್ಲ. ಫ್ಲಾಪಿ ಹಾಕುವ ಬಾಯಿಯನ್ನೂ ವೈರಸ್ಸಿನ ಹೆದರಿಕೆಗೆ ತೆಗೆಸಿಬಿಟ್ಟಿದ್ದರು. ವಿದ್ಯಾರ್ಥಿಗಳು ಬರೆದದ್ದು ಕರೆಂಟ್ ಇರುವವರೆಗೆ ಯಂತ್ರದ ನೆನಪಿನಲ್ಲಿರುತ್ತಿತ್ತು, ಅಷ್ಟೆ. ನೇರವಾಗಿ ಸರ್ವರಿನಲ್ಲಿ ಬರೆಯಲು ಬಿಟ್ಟರೆ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತಿದ್ದರು. ಅದಕ್ಕೆ ಅವರ ಈ ಪ್ರೋಗ್ರಾಂ. ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿ ಒಂದು ಕೀ ಒತ್ತಿದರೆ ಉತ್ತರ ಸರ್ವರಿಗೆ ಹೋಗಬೇಕು. ಸರ್ವರು ಕಳಿಸಿದ ಯಂತ್ರದ ನಂಬರು ನೋಡಿ ಅದರ ಅಧಿಕೃತ ಹೆಸರು ಏನೆಂದು ಹುಡುಕುತ್ತದೆ. ಆ ಹೆಸರು ಕೃಷ್ಣೆಯೂ ಸೇರಿ ಒಂಬತ್ತು ಹೊಳೆಗಳ ಪಟ್ಟಿಯಲ್ಲಿದ್ದರೆ ಉತ್ತರವನ್ನು ತನ್ನ ಡಿಸ್ಕಿನಲ್ಲಿ ಆ ಹೊಳೆಯ ಹೆಸರಿನ ಕೋಣೆಯಲ್ಲಿಡುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಪರೀಕ್ಷೆಗೆ ಎರಡು ದಿನ ಮೊದಲು ಎಂಟೂ ಕಡೆಯಿಂದ ಕಳಿಸಿ ನೋಡಿದೆವು. ಒಂದೂ ತಪ್ಪಲಿಲ್ಲ. ಅವರ ಮುಖದಲ್ಲಿ ಆವತ್ತು ಇದ್ದ ಸಂತೋಷವನ್ನು ನಾನು ಮತ್ತೆ ನೋಡಲಿಲ್ಲ.

ಪರೀಕ್ಷೆಯ ಹಿಂದಿನ ದಿನ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಪ್ರತಿ ಮಾನಿಟರಿಗೂ ನಂಬರಿನ ಚೀಟಿ ಅಂಟಿಸಿ, ಯಾರು ಎಲ್ಲಿ ಕೂಡಬೇಕು ಎಂಬ ಪಟ್ಟಿ ಬರೆದಿಡಿ ಎಂದರು. ನಾನು ಚೀಟಿ ಅಂಟಿಸಿದೆ, ಪಟ್ಟಿ ಬರೆದೆ. ಆಗ ಒಂದು ಯೋಚನೆ ಬಂತು. ಚೀಟಿಯಲ್ಲಿ ಪಿಸಿ ಏಳು ಎಂದಿದೆ, ಪರದೆಯ ಮೇಲೆ ವಾರಣಾ ಎಂದು ಬರುತ್ತದೆ, ಪರೀಕ್ಷಕರಿಗೆ ಗೊಂದಲ ಯಾಕೆ? ಅಥಣಿಯ ಸರ್ ಆವತ್ತು ಬಂದಿರಲಿಲ್ಲ. ಅವರ ತಾಸು ಇರಲಿಲ್ಲ. ನಾನು ಸರ್ವರಿನ ಮುಂದೆ ಕೂತು ಹೆಸರುಗಳ ಫೈಲು ತೆರೆದು, ಎಂಟೂ ಸಾಲಿನಲ್ಲಿ ಪಿಸಿಯ ಹೆಸರು ಮುಂದೆ, ಹೊಳೆಯ ಹೆಸರು ಹಿಂದೆ ಮಾಡಿದೆ. ಸರ್ವರಿನ ಮುಂದೆ ಯಾರೂ ಕೂಡುವುದಿಲ್ಲವಾದ್ದರಿಂದ ಅದರ ಸಾಲು ಮುಟ್ಟಲಿಲ್ಲ. ಎರಡೂ ಹೆಸರಿನಿಂದ ಒಂದೊಂದೇ ಯಂತ್ರವನ್ನು ಕರೆದು ನೋಡಿದೆ. ಎರಡಕ್ಕೂ ಓಗೊಟ್ಟವು. ಗಡಿಯಾರದಲ್ಲಿ ಮೂರೂವರೆ ದಾಟಿತ್ತು. ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿ ಓಡಿದೆ, ಬಸ್ಸು ಸಿಕ್ಕಿತು. ಆವತ್ತು ಅತ್ತೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಮಾಡಿದ್ದರು. ಬೆಳಕಿರುವಾಗಲೇ ಉಂಡೆವು.

ಮರುದಿನ ಪರೀಕ್ಷೆ ತಡವಾಗಿ ಶುರುವಾಯಿತು. ಪರೀಕ್ಷಕರು ಧಾರವಾಡದ ಕಡೆಯಿಂದ ಬರುವವರು, ಅವರ ಬಸ್ಸು ಹಾದಿಯಲ್ಲಿ ಕೆಟ್ಟಿತ್ತಂತೆ. ಅಷ್ಟರೊಳಗೆ ಸರ್ ಪ್ರೋಗ್ರಾಂ ಚಾಲೂ ಮಾಡಿ, ವಿದ್ಯಾರ್ಥಿಗಳು ಆಗಲೇ ಒಳಗೆ ಬರುತ್ತಿದ್ದುದರಿಂದ, ಸರ್ವರಿನಿಂದಲೇ ಒಂದು ಉತ್ತರ ಕಳಿಸಿ ನೋಡಿದರು. ಹೋಯಿತು. ಹೋಗಲೇಬೇಕಿತ್ತು, ಆ ಒಂದು ಸಾಲು ಮಾತ್ರ ಮೊದಲಿನಂತೆಯೇ ಇತ್ತಲ್ಲ.

ನಮ್ಮ ಭಾಗಕ್ಕೆ ಆಗ ಎರಡು ಗಂಟೆಗೆ ಕರೆಂಟ್ ತೆಗೆಯುತ್ತಿದ್ದರು. ಬ್ಯಾಟರಿ ಇದ್ದದ್ದು ಸರ್ವರಿಗೆ ಮಾತ್ರ. ಒಂದೂ ಮುಕ್ಕಾಲಿಗೆ ಬರೆಯುವುದು ನಿಲ್ಲಿಸಿ ಉತ್ತರ ಕಳಿಸಿರೆಂದು ಸರ್ ಹೇಳಿದರು. ಮುಂದಿನ ಸಾಲಿನಲ್ಲಿ ಕಾಗವಾಡದ ಕಡೆಯ ಒಬ್ಬ ವಿದ್ಯಾರ್ಥಿನಿ ಕೂತಿದ್ದಳು. ಮೊದಲು ಅವಳೇ ಹೇಳಿದ್ದು.

"ಸರ್, ಕಳಸಿದ್ರ ತಗೋವಲ್ದರಿ."

"ಇನ್ನೊಮ್ಮಿ ಒತ್ತವಾ."

"ಒತ್ತೀನ್ರಿ. ಒಪ್ಪಿಗಿ ಇಲ್ಲ ಅಂತ ಬರಾಕತ್ತೈತಿ."

ಹಿಂದಿನಿಂದ ಇನ್ನೊಬ್ಬ, "ನಂದೂ ಹಂಗ ಐತ್ರಿ ಸರ್" ಎಂದ. ಆಮೇಲೆ ಎಂಟೂ ಜನ. ಸರ್ ಸರ್ವರಿಗೆ ಓಡಿದರು. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಚಾಲೂ ಮಾಡಿದರು. ಕೇಬಲ್ ಜೋಡಣೆ ಒತ್ತಿ ನೋಡಿದರು. ಸರ್ವರಿನಿಂದಲೇ ಕಳಿಸಿ ನೋಡಿದರು, ಅದು ಹೋಯಿತು. ಹೋದದ್ದರಿಂದ ಅವರ ತಲೆ ಇನ್ನಷ್ಟು ಕೆಟ್ಟಿತು.

ನಾನು ಏಳನೇ ಯಂತ್ರದ ಪಕ್ಕ ನಿಂತಿದ್ದೆ. ಮಾನಿಟರಿಗೆ ನಾನೇ ಅಂಟಿಸಿದ ಚೀಟಿ. ಅದನ್ನು ನೋಡುತ್ತಿದ್ದ ಹಾಗೆಯೇ ನನಗೆ ಎಲ್ಲ ಹೊಳೆಯಿತು. ಪ್ರೋಗ್ರಾಂ ಅಧಿಕೃತ ಹೆಸರು ಕೇಳುತ್ತಿದೆ, ಫೈಲು ಪಿಸಿ ಏಳು ಎನ್ನುತ್ತಿದೆ, ಪಟ್ಟಿಯಲ್ಲಿ ಪಿಸಿ ಏಳು ಇಲ್ಲ. ಸರಿಮಾಡಲು ಎರಡು ನಿಮಿಷ ಸಾಕಿತ್ತು. ಕರೆಂಟ್ ಹೋಗಲು ಇನ್ನೂ ಹತ್ತು ಹನ್ನೆರಡು ನಿಮಿಷವಿತ್ತು. ಬಾಯಿ ತೆರೆದರೆ ಸಾಕಿತ್ತು.

ಬಾಯಿ ತೆರೆಯಲಿಲ್ಲ. ಪರೀಕ್ಷಕರು ಕೈಕಟ್ಟಿ ನಿಂತಿದ್ದರು. ಮುಖ್ಯಸ್ಥರು ಬಾಗಿಲಲ್ಲಿ ನಿಂತಿದ್ದರು. ಮುಂದಿನ ತಿಂಗಳು ನನ್ನನ್ನು ಕಾಯಂ ಮಾಡುವ ಕಾಗದ ಮೇಲೆ ಹೋಗುವುದಿತ್ತು. ಅವರೇ ಕಂಡುಹಿಡಿಯುತ್ತಾರೆ, ಇನ್ನೊಂದು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಿಂತೆ. ಆಗ ಹೆದರಿಕೆ ಎಂದುಕೊಂಡಿದ್ದೆ. ಈಗ ಅದಕ್ಕೆ ಅಷ್ಟು ಸಣ್ಣ ಮಾತು ಸಾಲದು ಅನಿಸುತ್ತದೆ.

ಪರೀಕ್ಷಕರು, "ನಾನೇ ಪರದೆಯ ಮೇಲೆ ನೋಡಿ ಅಂಕ ಹಾಕುತ್ತೇನೆ, ಬಿಡಿ" ಎಂದು ಮೊದಲನೇ ಮಾನಿಟರಿನ ಮುಂದೆ ಬಗ್ಗಿದರು. ಎರಡನೆಯದನ್ನೂ ನೋಡಿದರು. ಮೂರನೆಯದಕ್ಕೆ ಹೋಗುವಾಗ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಪರದೆಗಳು ಕಪ್ಪಾದವು. ಆ ವಿದ್ಯಾರ್ಥಿನಿ ಕೈಗಳನ್ನು ಕೀಲಿಮಣೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಮೂರು ತಾಸು ಬರೆದದ್ದು ಹೋಗಿತ್ತು.

ಎಲ್ಲರೂ ಪರೀಕ್ಷಕರ ಹಿಂದೆ ಹೊರಗೆ ಹೋದರು. ವರಾಂಡದಿಂದ ಅವರ ಏರಿದ ದನಿ ಕೇಳುತ್ತಿತ್ತು. ಸರ್ವರು ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಅದರ ಮುಂದೆ ಯಾರೂ ಇರಲಿಲ್ಲ. ನಾನು ಕೂತೆ. ಫೈಲು ತೆರೆದು ಎಂಟೂ ಸಾಲನ್ನು ಮೊದಲಿದ್ದ ಹಾಗೆ ಮಾಡಿದೆ, ಹೊಳೆಯ ಹೆಸರು ಮುಂದೆ, ಪಿಸಿಯ ಹೆಸರು ಹಿಂದೆ. ಮುಚ್ಚಿ ಎದ್ದು ಹೊರಗೆ ಬಂದು ಎಲ್ಲರ ಜೊತೆ ನಿಂತೆ. ಸುಮ್ಮನಿದ್ದದ್ದನ್ನು ಯಾರಾದರೂ ಕ್ಷಮಿಸಬಹುದೇನೋ. ಈ ಎರಡನೆಯದನ್ನು ನಾನೇ ಕ್ಷಮಿಸಿಕೊಂಡಿಲ್ಲ.

ಮೂರೂವರೆಗೆ ಕರೆಂಟ್ ಬಂತು. ಸರ್ ಒಂದೊಂದೇ ಯಂತ್ರ ಎಬ್ಬಿಸಿ, ಒಂದೊಂದು ಸಾಲು ಬರೆದು ಕಳಿಸಿ ನೋಡಿದರು. ಎಂಟೂ ಹೋದವು. ಅವರು ನನ್ನ ಕಡೆ ತಿರುಗಿದರು.

"ಈಗ ಹೋಗಾಕತ್ತಾವಲ್ರಿ ಮೇಡಂ! ನಾ ಏನೂ ಮುಟ್ಟಿಲ್ಲ. ಹೆಂಗ ಹೋಗಾಕತ್ತಾವು?"

"ಏನೋ ಗೊತ್ತಿಲ್ರಿ ಸರ್" ಎಂದೆ. ನಾಲ್ಕರ ಬಸ್ಸು ಹಿಡಿದು ಮನೆಗೆ ಹೋದೆ.

ಪ್ರಾಚಾರ್ಯರು ಮರುವಾರ ನಮ್ಮಿಬ್ಬರನ್ನೂ ಕರೆಸಿದರು. ಪರೀಕ್ಷಕರ ದೂರು ಮೇಜಿನ ಮೇಲಿತ್ತು. ಯಂತ್ರಗಳಲ್ಲಿ ಏನಾದರೂ ಬದಲಾವಣೆ ಮಾಡಿದ್ದಿರಾ ಎಂದು ನನ್ನನ್ನು ಕೇಳಿದರು. "ಇಲ್ರಿ ಸರ್, ಚೀಟಿ ಅಂಟಿಸೀನಿ ಅಷ್ಟ" ಎಂದೆ. ಅವರನ್ನು ಕೇಳಿದರು. ಅವರು ತಲೆ ತಗ್ಗಿಸಿ, "ತಪ್ಪು ನನ್ನ ಪ್ರೋಗ್ರಾಂದಾಗನ ಇರಬೇಕ್ರಿ. ಹುಡುಕಾಕತ್ತೀನಿ. ಇನ್ನೂ ಸಿಕ್ಕಿಲ್ಲ" ಎಂದರು. ಯಾರ ಮೇಲೂ ಹೊರಿಸಲು ಅವರು ನೋಡಲಿಲ್ಲ.

ಆ ದಿನಗಳಲ್ಲಿ ನನಗೊಂದೇ ಹೆದರಿಕೆ. ಯಾವ ಫೈಲನ್ನು ಕೊನೆಗೆ ಯಾವಾಗ ಬದಲಿಸಿದರು ಎಂಬುದನ್ನು ಸರ್ವರು ಬರೆದಿಟ್ಟುಕೊಂಡಿರುತ್ತದೆ. ಹೆಸರುಗಳ ಫೈಲಿನ ಮುಂದೆ ಪರೀಕ್ಷೆಯ ದಿನದ ತಾರೀಖು, ಎರಡು ದಾಟಿದ ವೇಳೆ ಇತ್ತು. ಅವರು ಒಂದು ಆಜ್ಞೆ ಹೊಡೆದಿದ್ದರೆ ಕಾಣುತ್ತಿತ್ತು. ಹೊಡೆಯಲಿಲ್ಲ. ಸಂಶಯವನ್ನೆಲ್ಲ ತಮ್ಮ ಪ್ರೋಗ್ರಾಂ ಮೇಲೆಯೇ ಇಟ್ಟುಕೊಂಡು ಅದನ್ನೇ ದಿನಾ ಓದುತ್ತ ಕೂತರು.

ಎಂಟೂ ಜನರಿಗೆ ಮರುಪರೀಕ್ಷೆ ಹದಿನೈದು ದಿನ ಬಿಟ್ಟು ನಡೆಯಿತು, ಕಾಗದದ ಮೇಲೆ ಬರೆಸಿದರು. ಏಳು ಜನ ಬಂದರು. ಕಾಗವಾಡದ ವಿದ್ಯಾರ್ಥಿನಿ ಬರಲಿಲ್ಲ. ಅಷ್ಟರಲ್ಲಿ ಅವಳ ಮದುವೆಯಾಗಿತ್ತು, ಮೀರಜದ ಕಡೆ ಹೋಗಿದ್ದಳು. ಆ ಡಿಪ್ಲೊಮಾ ಅವಳಿಗೆ ಸಿಗಲೇ ಇಲ್ಲ.

ಮುಂದಿನ ಅವಧಿಗೆ ಸರ್ ಅವರನ್ನು ಕರೆಸಲಿಲ್ಲ. ತಾಸಿನ ಲೆಕ್ಕದವರನ್ನು ಬಿಡಿಸಲು ಆದೇಶವೂ ಬೇಕಾಗುವುದಿಲ್ಲ, ವೇಳಾಪಟ್ಟಿಯಲ್ಲಿ ಹೆಸರು ಬರೆಯದಿದ್ದರೆ ಸಾಕು. ಕೋಣೆ ಖಾಲಿ ಮಾಡಿ ಹೊರಡುವ ದಿನ ಲ್ಯಾಬಿಗೆ ಬಂದರು. ಕೈಯಲ್ಲಿ ಪ್ರೋಗ್ರಾಂ ಮುದ್ರಿಸಿದ ಉದ್ದನೆಯ ಕಾಗದ, ಅಂಚಿಗೆ ತೂತುಗಳಿದ್ದದ್ದು, ಮಡಚಿಟ್ಟಿದ್ದರು. ಸಾಲುಗಳ ಪಕ್ಕದಲ್ಲೆಲ್ಲ ಪೆನ್ಸಿಲ್ಲಿನ ಗುರುತು.

"ನೀವೂ ಒಮ್ಮಿ ನೋಡ್ರಿ ಮೇಡಂ. ಎಲ್ಲಿ ತಪ್ಪೈತಿ ಅಂತ ನನಗ ಗೊತ್ತಾಗವಲ್ದು. ಬ್ಯಾರೇದವ್ರ ಕಣ್ಣಿಗೆ ಕಂಡೀತು."

ನಾನು ತೆಗೆದುಕೊಂಡೆ. ಕಪಾಟಿನಲ್ಲಿಟ್ಟೆ. ಆ ತಿಂಗಳೇ ನನ್ನ ಕೆಲಸ ಕಾಯಂ ಆಯಿತು. ಮನೆಯಲ್ಲಿ ಸಿಹಿ ಮಾಡಿದರು.

ಆಮೇಲೆ ಅವರು ಎರಡು ಸಲ ಅಥಣಿಯಿಂದ ಬಂದರು. ಬೇರೆ ಕೆಲಸಕ್ಕೆ ಬಂದಿದ್ದೆ ಎನ್ನುತ್ತಿದ್ದರು, ಆದರೆ ನೇರ ಲ್ಯಾಬಿಗೇ ಬರುತ್ತಿದ್ದರು. "ಏನರ ಸಿಕ್ತೇನ್ರಿ?" ಎಂದು ಕೇಳುತ್ತಿದ್ದರು. ಎರಡೂ ಸಲ ಇಲ್ಲ ಎಂದೆ. ಎರಡನೇ ಸಲ ಬಂದಾಗ ಗಡ್ಡ ಬಿಟ್ಟಿದ್ದರು. ನಾನು ಚಹಾ ತರಿಸಿದೆ. ಕುಡಿದು ಹೋದರು. ಮತ್ತೆ ಬರಲಿಲ್ಲ.

ಮೂರು ವರ್ಷ ಹೀಗೇ ಹೋಯಿತು. ಗಂಡನಿಗೂ ಹೇಳಿರಲಿಲ್ಲ. ಭಾದ್ರಪದದಲ್ಲಿ ನಮ್ಮವರ ಹತ್ತು ದಿನದ ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಳ್ಳುವ ದಿನ ಬರುತ್ತದೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಮನೆಯವರಿಗೆ, ನೆರೆಯವರಿಗೆ ಕೈಮುಗಿಯುತ್ತೇವೆ. ಪ್ರತಿ ವರ್ಷ ಹೇಳುವ ಮಾತು, ಬಾಯಿಗೆ ತಾನಾಗಿ ಬರುತ್ತದೆ. ಆ ವರ್ಷ ಅತ್ತೆಯ ಮುಂದೆ ಕೈಮುಗಿದಾಗ ಮಾತು ಹೊರಡಲಿಲ್ಲ, ಅಳು ಬಂತು. ಅವರು ಗಾಬರಿಯಾಗಿ ಒಳಗೆ ಕರೆದುಕೊಂಡು ಹೋಗಿ ಕೂಡಿಸಿದರು. ನಾನು ಎಲ್ಲ ಹೇಳಿದೆ. ಫೈಲು, ಸಾಲು ಅವರಿಗೆ ಅರ್ಥವಾಗಲಿಲ್ಲ. ಒಬ್ಬರ ಕೆಲಸ ನನ್ನ ಸುಳ್ಳಿನಿಂದ ಹೋಯಿತು ಎಂಬುದು ಅರ್ಥವಾಯಿತು.

"ನಮ್ಮ ಊಟದ ಸಲುವಾಗಿ ಅವಸರ ಮಾಡಿದಿ ಏನ?" ಎಂದು ಮೊದಲು ಕೇಳಿದರು.

"ಅವಸರ ಒಂದ ದಿನದ್ದರಿ ಅತ್ತಿ. ಮೂರ್ ವರ್ಷ ಸುಮ್ಮನಿದ್ದಿದ್ದು ನಾನು."

ಅತ್ತೆ ಹೇಳಿದರು, "ನನ್ನ ಮುಂದ ಕೈಮುಗದ್ರ ಏನ ಬಂತವಾ? ಅವರ ಮುಂದ ಹೋಗು. ನಾಳೇನ ಹೋಗು. ಊಟದ ಕಾಳಜಿ ಮಾಡಬ್ಯಾಡ, ನಾವು ಉಣತೀವಿ."

ಮರುದಿನ ರಜೆ ಹಾಕಿ ಅಥಣಿಯ ಬಸ್ಸು ಹತ್ತಿದೆ. ಕುಡಚಿಯ ಸೇತುವೆಯ ಕೆಳಗೆ ಕೃಷ್ಣೆ ಕೆಂಪಗೆ ದಡ ತುಂಬಿ ಹರಿಯುತ್ತಿತ್ತು. ಅಥಣಿಯಲ್ಲಿ ಇಳಿದು ವಿಚಾರಿಸಿಕೊಂಡು ಅವರ ತೋಟಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದ್ರಾಕ್ಷಿ ಬಳ್ಳಿ ಸವರುವ ದಿನಗಳು. ಅವರು ಕೈಯಲ್ಲಿ ಕತ್ತರಿ ಹಿಡಿದು ಸಾಲಿನ ನಡುವೆ ನಿಂತಿದ್ದರು. ನನ್ನನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ, ಹಿಡಿದ ಮೇಲೆ ಮುಖ ಅರಳಿತು.

"ಮೇಡಂ! ಬರ್ರಿ ಬರ್ರಿ. ಇಷ್ಟ ದೂರ ಬಂದೀರಿ?"

ಮನೆಯ ಮುಂದೆ ಕಟ್ಟೆಯ ಮೇಲೆ ಕೂತೆವು. ಅವರ ತಾಯಿ ನೀರು ತಂದುಕೊಟ್ಟು ಚಹಾ ಮಾಡಲು ಒಳಗೆ ಹೋದರು. ತಡಮಾಡಿದರೆ ಧೈರ್ಯ ಹೋಗುತ್ತದೆ ಎಂದು ಕೂತ ಕೂಡಲೇ ಹೇಳಿದೆ.

"ಸರ್, ನಿಮ್ಮ ಪ್ರೋಗ್ರಾಂ ಸರಿ ಇತ್ರಿ. ಹಿಂದಿನ ದಿನ ಹೆಸರಿನ ಫೈಲ್ ನಾ ಬದಲ್ ಮಾಡಿದ್ದೆ."

ಅವರಿಗೆ ಕೂಡಲೇ ತಿಳಿಯಲಿಲ್ಲ. "ಯಾವ ಸಾಲ್ರಿ?" ಎಂದರು, ಲ್ಯಾಬಿನಲ್ಲಿ ಕೇಳುತ್ತಿದ್ದ ಹಾಗೆಯೇ.

"ಎಂಟೂ. ಪಿಸಿ ಹೆಸರು ಮೊದಲ ಮಾಡಿದ್ದೆ."

"ಮೊದಲ?"

"ಹೂಂ."

ಅವರು ನೆಲ ನೋಡುತ್ತ ಕೂತರು. ಬೆರಳುಗಳು ಕತ್ತರಿಯನ್ನು ತೆರೆದು ಮುಚ್ಚುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದರು. "ಖರೇ, ಹಂಗ ಆದ್ರ ತಗೋಳೂದಿಲ್ಲ. ತಗೋಬಾರ್ದು. ಅದು ಮಾಡಬೇಕಾದ್ದನ್ನ ಮಾಡೇತಿ." ಒಂದು ಕ್ಷಣ ಆ ಮುಖದಲ್ಲಿ ಹಳೆಯ ಬೆಳಕು ಬಂದಂತಾಯಿತು. ಆಮೇಲೆ ಹುಬ್ಬು ಗಂಟಾಯಿತು. "ಆದ್ರ ಕರೆಂಟ್ ಬಂದಮ್ಯಾಲ ಎಲ್ಲಾ ಹೋದವಲ್ರಿ. ಅದು ಹೆಂಗ?"

ಆ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು.

"ನೀವೆಲ್ಲಾ ಹೊರಗ ಹೋದಾಗ ನಾನ ಮೊದಲಿನಂಗ ಮಾಡಿದ್ದೆ."

ಅವರು ಕತ್ತರಿಯನ್ನು ಕಟ್ಟೆಯ ಮೇಲಿಟ್ಟರು.

"ತಪ್ಪು ಯಾರ ಕೈಲಿಂದರ ಆಗ್ತೈತ್ರಿ," ಎಂದರು. ದನಿ ಏರಿರಲಿಲ್ಲ. "ನನ್ನ ಕೈಲಿಂದ ಬೇಕಾದಷ್ಟ ಆಗ್ಯಾವು. ಆದ್ರ ಮೊದಲಿನಂಗ ಯಾಕ ಮಾಡಿದ್ರಿ? ಹಂಗ ಬಿಟ್ಟಿದ್ರ ಸಂಜಿಮುಂದ ನನಗ ಸಿಗತಿತ್ತು. ನಿಮ್ಮನ್ನ ಯಾರಿಗೂ ಹೇಳತಿದ್ದಿಲ್ಲ ನಾನು. ನನಗ ಸಿಕ್ಕಿದ್ರ ಸಾಕಾಗಿತ್ತು."

ಅವರು ಮಾತಾಡುತ್ತಲೇ ಹೋದರು, ನನಗೆ ಹೇಳುವುದಕ್ಕಿಂತ ತಮಗೇ ಹೇಳಿಕೊಳ್ಳುವವರಂತೆ. ಊರಿಗೆ ಬಂದ ಮೇಲೆ ಪ್ರೋಗ್ರಾಮನ್ನು ನೆನಪಿನಿಂದ ನೋಟುಬುಕ್ಕಿನಲ್ಲಿ ಮತ್ತೆ ಮತ್ತೆ ಬರೆದರಂತೆ. ಪ್ರತಿ ಸಲವೂ ಸರಿಯಾಗಿಯೇ ಕಾಣುತ್ತಿತ್ತಂತೆ. ಬೆಳಗಾವಿಯಲ್ಲಿ ಒಂದು ಕಡೆ ಸಂದರ್ಶನಕ್ಕೆ ಹೋದಾಗ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರಂತೆ. "ನನ್ನ ಪ್ರೋಗ್ರಾಂ ಕೆಡ್ತು, ಯಾಕ ಕೆಡ್ತು ನನಗ ಗೊತ್ತಿಲ್ಲ ಅಂದೆ. ಇದ್ದದ್ದ ಹೇಳಿದೆ. ಯಾರ ತಗೋತಾರ್ರಿ ಅಂಥವನ್ನ? ಆಮ್ಯಾಲ ಎಲ್ಲೂ ಹೋಗಲಿಲ್ಲ. ನನಗ ಆ ಕೆಲಸ ಬರೂದಿಲ್ಲ ಅಂತ ಒಪ್ಪಿಕೊಂಡಬಿಟ್ಟಿದ್ದೆ."

ತಾಯಿ ಚಹಾ ತಂದರು. ನಮ್ಮ ಮುಖ ನೋಡಿ ಏನೋ ಕೆಟ್ಟ ಸುದ್ದಿ ಎಂದುಕೊಂಡಿರಬೇಕು. "ಏನಾತೋ?" ಎಂದು ಮಗನನ್ನು ಕೇಳಿದರು.

"ಏನಿಲ್ಲಬೇ. ಹಳೇ ಕೆಲಸದ ಮಾತು."

"ಅಕ್ಕಾರ, ಉಂಡ ಹೋಗ್ರಿ. ಇನ್ನೂ ಭಾಳ ಹೊತ್ತೈತಿ. ಉಳ್ಳಾಗಡ್ಡಿ ಹಾಕದ ಮಾಡ್ತೀನಿ." ನಾನು ಜೈನರವಳು, ಈರುಳ್ಳಿ ತಿನ್ನುವುದಿಲ್ಲ ಎಂದು ಮಗ ಎಂದೋ ಹೇಳಿದ್ದಿರಬೇಕು.

ಅವರು ಒಳಗೆ ಹೋದ ಮೇಲೆ ನಾನು ಕೈಮುಗಿದೆ. "ಸರ್, ನನಗ ಕ್ಷಮಾ ಮಾಡ್ರಿ."

ಅವರು ನನ್ನ ಕೈಗಳನ್ನು ನೋಡಿದರು, ಮುಖ ನೋಡಲಿಲ್ಲ. "ಅದನ್ನ ಈಗ ಕೇಳಬ್ಯಾಡ್ರಿ ಮೇಡಂ. ಕೇಳಿದ್ರ ನಾ ಹೂಂ ಅನಬೇಕಾಗ್ತೈತಿ. ನನಗ ಇವತ್ತ ಹೂಂ ಅನ್ನಾಕ ಆಗೂದಿಲ್ಲ." ಆಮೇಲೆ ಒಳಗಿನ ಕಡೆ ತಿರುಗಿ, "ಅಡಗಿ ಮಾಡಬ್ಯಾಡಬೇ, ಅವರಿಗೆ ಬಸ್ ಐತಿ" ಎಂದು ಕೂಗಿ ಹೇಳಿದರು. ಮೆಲ್ಲಗೆ ಎದ್ದು ಹೆದ್ದಾರಿಯವರೆಗೆ ಬಂದು ಬಿಟ್ಟುಹೋದರು.

ಮುಂದಿನ ವಾರ ನಾನು ಪ್ರಾಚಾರ್ಯರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಅವರು ಓದಿ ಮಡಚಿ ನನಗೇ ವಾಪಸು ಕೊಟ್ಟರು. "ಮೂರ್ ವರ್ಷದ ಹಿಂದಿಂದು ಈಗ ಯಾಕ್ರಿ? ಮ್ಯಾಲಿನವ್ರು ಮತ್ತ ನಮ್ಮನ್ನ ಕೇಳ್ತಾರ. ಹೋಗ್ರಿ, ಕ್ಲಾಸ್ ತಗೋರಿ" ಎಂದರು. ಸರ್ ಅವರನ್ನು ವಾಪಸು ಕರೆಸಿ ಎಂದು ಬೇಡಿಕೊಂಡೆ. ಜಾಗ ಇದ್ದರೆ ನೋಡೋಣ ಎಂದರು. ಮುಂದಿನ ಜೂನಿನಲ್ಲಿ ನಿಜವಾಗಿ ಜಾಗ ಖಾಲಿಯಾಯಿತು. ಕಾಲೇಜಿನಿಂದ ಅವರಿಗೆ ಪತ್ರ ಹೋಯಿತು, ನಾನೇ ಟೈಪ್ ಮಾಡಿಸಿದ್ದೆ. ಉತ್ತರ ಬರಲಿಲ್ಲ. ಜಾಗ ಬೇರೆಯವರಿಗೆ ಹೋಯಿತು.

ಅವರನ್ನು ಕೊನೆಗೆ ಕಂಡದ್ದು ಚಿಕ್ಕೋಡಿಯ ಕೋರ್ಟಿನ ಮುಂದೆ. ಸಂಬಂಧಿಕರ ಯಾವುದೋ ಹೊಲದ ಗಡಿಯ ತಂಟೆಗೆ ಸಾಕ್ಷಿ ಹೇಳಲು ಬಂದಿದ್ದರು. ಮದುವೆಯಾಗಿತ್ತು, ಸ್ವಲ್ಪ ದಪ್ಪಗಾಗಿದ್ದರು. ನನ್ನನ್ನು ನೋಡಿ ತಪ್ಪಿಸಿಕೊಳ್ಳಲಿಲ್ಲ, ತಾವೇ ಹತ್ತಿರ ಬಂದರು. ಆರಾಮೇನ್ರಿ ಎಂದು ಕೇಳಿದರು. ಲ್ಯಾಬಿಗೆ ಹೊಸ ಯಂತ್ರಗಳು ಬಂದಿರುವುದು, ಪಾಠಗಳು ಬದಲಾಗಿರುವುದು ಹೇಳಿದೆ. ಕೇಳಿಸಿಕೊಂಡರು.

"ನೀವು ಮತ್ತ ಶುರು ಮಾಡ್ರಿ ಸರ್. ಇನ್ನೂ ವಯಸ್ಸೇನ ಆಗಿಲ್ಲ" ಎಂದೆ.

"ಇಲ್ರಿ. ಕೈ ಬಿಟ್ಟು ಹೋತದು. ನೀವು ಹೇಳಿದಮ್ಯಾಲ ಒಂದಿನ ನೋಟುಬುಕ್ ತಗದ ಕೂತಿದ್ದೆ. ಅರ್ಧದಷ್ಟು ನಂಗ ತಿಳೀಲಿಲ್ಲ, ನಾನ ಬರದದ್ದು."

ಒಳಗಿನಿಂದ ಅವರ ಪಾಳಿಯ ಕೂಗು ಬಂತು. "ಬರ್ತೀನ್ರಿ" ಎಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮೆಟ್ಟಿಲು ಹತ್ತಿದರು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆಮೇಲೆ ಕ್ಲಾಸಿಗೆ ತಡವಾಗುತ್ತದೆಂದು ಕಾಲೇಜಿನ ಕಡೆ ನಡೆದೆ.